ಅರ್ಥ ಪದದಲ್ಲೋ, ವಾಕ್ಯದಲ್ಲೋ

ಪದವೊಂದರ ಅರ್ಥ ಮೊದಲ ಸಲ ತಿಳಿಯುವುದು ಹೇಗೆ? ಅನ್ವಯಿಕ ಭಾಷಾವಿಜ್ಞಾನದ ಸ್ನಾತಕೋತ್ತರ ತರಗತಿಯಲ್ಲಿ ಇದು ಬೋಧನಾ ವಿಧಾನದ ಪ್ರಶ್ನೆ. ಹೊಸ ಭಾಷೆಯನ್ನು ಪದಪಟ್ಟಿ, ವ್ಯಾಕರಣಗಳಿಂದ ಕಲಿಸಬೇಕೋ, ಇಡಿಯಾದ ಮಾತಿನಿಂದ ಕಲಿಸಬೇಕೋ ಎಂಬ ರೂಪದಲ್ಲಿ ಅದು ಅಲ್ಲಿ ಎದುರಾಗುತ್ತದೆ. ಭಾರತೀಯ ದರ್ಶನಗಳಲ್ಲಿ ಇದೇ ಪ್ರಶ್ನೆ ಶಬ್ದಪ್ರಮಾಣದ, ಅಂದರೆ ಮಾತಿನಿಂದ ಬರುವ ಜ್ಞಾನದ, ಚರ್ಚೆಯ ಬುಡದಲ್ಲಿದೆ. ಮೀಮಾಂಸಕರ ಪ್ರಕಾರ ಧರ್ಮ ತಿಳಿಯುವುದು ವೇದದ ವಿಧಿವಾಕ್ಯಗಳಿಂದ. ಆ ವಾಕ್ಯಗಳು ಅರ್ಥ ಕೊಡುವ ಬಗೆ ಖಚಿತವಾಗದಿದ್ದರೆ ಮಾಡಬೇಕಾದ ಕರ್ಮವೂ ಖಚಿತವಾಗದು.

ಪದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಶಾಸ್ತ್ರಗಳು ‘ಶಕ್ತಿ’ ಎನ್ನುತ್ತವೆ. ಅದು ಸಹಜವಾದದ್ದು, ಯಾರೂ ಮಾಡಿದ್ದಲ್ಲ ಎಂಬುದು ಮೀಮಾಂಸಕ ಜೈಮಿನಿಯ ಮತ. ಅದು ಸಂಕೇತ, ಈ ಪದದಿಂದ ಈ ಅರ್ಥ ತಿಳಿಯಲಿ ಎಂಬ ಈಶ್ವರೇಚ್ಛೆ ಎಂಬುದು ಪ್ರಾಚೀನ ನೈಯಾಯಿಕರ ಮತ. ಸಂಬಂಧದ ಮೂಲದ ಬಗ್ಗೆ ಹೀಗೆ ಜಗಳವಿದ್ದರೂ ಅದನ್ನು ಕಲಿಯುವ ದಾರಿಯ ಬಗ್ಗೆ ಹೆಚ್ಚಿನ ಭಿನ್ನಮತವಿಲ್ಲ. ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವೃದ್ಧವ್ಯವಹಾರ, ವಾಕ್ಯಶೇಷ, ವಿವರಣೆ, ಪರಿಚಿತ ಪದದ ಸಾನ್ನಿಧ್ಯ ಎಂದು ನ್ಯಾಯ ಪರಂಪರೆ ಎಂಟು ದಾರಿಗಳನ್ನು ಎಣಿಸುತ್ತದೆ. ಕೋಶ ನೋಡಲು, ವಿವರಣೆ ಕೇಳಲು ಆಗಲೇ ಒಂದಷ್ಟು ಭಾಷೆ ಬರಬೇಕು. ಏನೂ ಬಾರದ ಮಗುವಿಗೆ ಉಳಿಯುವುದು ವೃದ್ಧವ್ಯವಹಾರ, ಅಂದರೆ ಹಿರಿಯರು ತಮ್ಮತಮ್ಮಲ್ಲಿ ಆಡುವ ಮಾತು. ತಾಯ್ನುಡಿಯ ಗಳಿಕೆಗೂ ಎರಡನೆಯ ಭಾಷೆಯ ಕಲಿಕೆಗೂ ಇರುವ ಅಂತರ ಈ ಪಟ್ಟಿಯಲ್ಲೇ ಅಡಗಿದೆ.

ಶಾಸ್ತ್ರಗ್ರಂಥಗಳು ಕೊಡುವ ನಿದರ್ಶನ ಸರಳವಾದದ್ದು. ‘ಹಸುವನ್ನು ತಾ’ ಎಂದು ಹಿರಿಯನೊಬ್ಬ ಹೇಳುತ್ತಾನೆ, ಇನ್ನೊಬ್ಬ ಹೋಗಿ ತರುತ್ತಾನೆ. ನೋಡುತ್ತಿದ್ದ ಮಗುವಿಗೆ ಮೊದಲು ಹೊಳೆಯುವುದು ಇಡೀ ಮಾತಿಗೂ ಇಡೀ ಕೆಲಸಕ್ಕೂ ಇರುವ ನಂಟು. ಮುಂದೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳು ಕಿವಿಗೆ ಬಿದ್ದಾಗ ಯಾವ ತುಂಡು ಬದಲಾದರೆ ಕೆಲಸದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಅದು ಗುರುತಿಸುತ್ತದೆ. ಹೀಗೆ ಸೇರಿಸಿ ತೆಗೆದು ನೋಡುವುದಕ್ಕೆ ಆವಾಪ-ಉದ್ವಾಪ ಎಂದು ಹೆಸರು. ಕನ್ನಡದ ಮಗು ಇನ್ನೂ ಒಂದು ಹೆಜ್ಜೆ ಹಾಕಬೇಕು. ‘ಹಸುವನ್ನು’, ‘ಹಸುವಿಗೆ’, ‘ಹಸುವಿನ’ ಎಂಬ ರೂಪಗಳನ್ನು ಹೋಲಿಸಿ ಪ್ರಕೃತಿಯನ್ನೂ ಪ್ರತ್ಯಯವನ್ನೂ ಬೇರ್ಪಡಿಸಿಕೊಳ್ಳಬೇಕು.

ಈ ಒಂದೇ ನಿದರ್ಶನದಿಂದ ಮೀಮಾಂಸೆಯಲ್ಲಿ ಎರಡು ಪಂಥಗಳು ಕವಲೊಡೆದವು. ಮಗು ಪದವನ್ನು ವಾಕ್ಯದ ಹೊರಗೆ ಕಂಡೇ ಇಲ್ಲ. ಆದ್ದರಿಂದ ಪದ ಹೇಳುವುದು ಬೇರೊಂದರೊಡನೆ ಹೊಂದಿಕೊಂಡ ಅರ್ಥವನ್ನೇ ಎನ್ನುತ್ತಾನೆ ಪ್ರಭಾಕರ. ಇದು ಅನ್ವಿತಾಭಿಧಾನವಾದ. ಕಲಿತದ್ದು ವಾಕ್ಯದಲ್ಲಾದರೂ ಬಿಡಿಸಿಕೊಂಡ ಮೇಲೆ ಪದ ತನ್ನ ಅರ್ಥವನ್ನಷ್ಟೇ ಹೇಳುತ್ತದೆ. ಆಕಾಂಕ್ಷೆ (ಒಂದು ಪದಕ್ಕೆ ಇನ್ನೊಂದರ ಅಪೇಕ್ಷೆ), ಯೋಗ್ಯತೆ (ಅರ್ಥಗಳ ಹೊಂದಿಕೆ), ಸನ್ನಿಧಿ (ಪದಗಳ ಸಾಮೀಪ್ಯ) ಇವುಗಳಿಂದ ಆ ಅರ್ಥಗಳು ಕೂಡಿ ವಾಕ್ಯಾರ್ಥವಾಗುತ್ತದೆ ಎಂಬುದು ಕುಮಾರಿಲ ಭಟ್ಟನ ಅಭಿಹಿತಾನ್ವಯವಾದ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬಲ್ಲಿ ಪ್ರತಿ ಪದದ ಅರ್ಥ ತಿಳಿದರೂ ಯೋಗ್ಯತೆ ಇಲ್ಲದ್ದರಿಂದ ವಾಕ್ಯ ನಿಲ್ಲುವುದಿಲ್ಲ. ಇವರಿಬ್ಬರಿಗಿಂತ ಮೊದಲೇ ‘ವಾಕ್ಯಪದೀಯ’ದ ಭರ್ತೃಹರಿ ವಾಕ್ಯ ಅಖಂಡವೆಂದಿದ್ದ. ಅವನ ದೃಷ್ಟಿಯಲ್ಲಿ ಪದವಿಭಾಗ ಎಂಬುದು ತಿಳಿಸಿಕೊಡಲು ವೈಯಾಕರಣರು ಹೂಡಿದ ಉಪಾಯ.

ವಾಕ್ಯದಿಂದ ಬಿಡಿಸುವುದು ಮಗುವಿಗೆ ಅಷ್ಟು ಸುಲಭವೇ ಎಂಬ ಆಕ್ಷೇಪ ಈಚೆಗಿನದು. 1960ರಲ್ಲಿ ಅಮೆರಿಕದ ತತ್ತ್ವಜ್ಞ ಕ್ವೈನ್ ಅಪರಿಚಿತ ಭಾಷೆಯ ಒಂದು ಉದಾಹರಣೆಯನ್ನು ಮುಂದಿಟ್ಟ. ಮೊಲ ಓಡಿದಾಗ ಕೇಳಿಬಂದ ಪದಕ್ಕೆ ‘ಮೊಲ’ ಎಂದರ್ಥವೋ, ಮೊಲದಿಂದ ಬೇರ್ಪಡದ ಅಂಗವೆಂದರ್ಥವೋ ಎಂಬುದನ್ನು ನೋಡಿದ್ದರಿಂದಷ್ಟೇ ನಿರ್ಣಯಿಸಲಾಗದು. ಆವಾಪ-ಉದ್ವಾಪ ಈ ಸಂಶಯವನ್ನು ಕುಗ್ಗಿಸಬಲ್ಲದು, ಪೂರ್ತಿ ಅಳಿಸಲಾರದು.

ತರಗತಿಯ ವಿಧಾನಗಳ ಹಿಂದೆಯೂ ಇಂಥದೇ ನಿಲುವುಗಳಿವೆ. ವ್ಯಾಕರಣ-ಅನುವಾದ ಪದ್ಧತಿ ಪದ ಮತ್ತು ನಿಯಮಗಳನ್ನು ಮೊದಲು ಕೊಟ್ಟು ವಾಕ್ಯ ಕಟ್ಟಿಸುತ್ತದೆ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೆಸರಾದ ಪ್ರಯೋಗ ಇದಕ್ಕೆ ತಿರುಗುಮುರುಗು. ಅಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಪಾಠವಾಗಿ ಹೇಳಲಿಲ್ಲ. ನಕ್ಷೆ, ರೈಲು ವೇಳಾಪಟ್ಟಿಗಳಂಥವನ್ನು ಓದಿ ಲೆಕ್ಕ ಬಿಡಿಸುವ ಕೆಲಸ ಕೊಟ್ಟರು. ಮನಸ್ಸು ಅರ್ಥದ ಮೇಲಿದ್ದಾಗ ರೂಪ ತಾನಾಗಿ ಕೂಡಿಬರುತ್ತದೆ ಎಂಬುದು ಅದರ ನಂಬಿಕೆ. ಕೆಲಸದ ನಡುವೆ ಮಾತು ತಿಳಿಯುತ್ತದೆ ಎಂಬಷ್ಟರ ಮಟ್ಟಿಗೆ ಇದು ಪ್ರಭಾಕರನ ಮಗುವಿಗೆ ಹತ್ತಿರದ್ದು.

ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ಮೀಮಾಂಸಕರು ಹುಡುಕಿದ್ದು ವಾಕ್ಯಜ್ಞಾನದ ಪ್ರಾಮಾಣ್ಯವನ್ನು, ಬೋಧನೆಯ ದಕ್ಷತೆಯನ್ನಲ್ಲ. ವಾಕ್ಯವೇ ಮೊದಲು ಎಂದ ಮಾತ್ರಕ್ಕೆ ಪದಪಟ್ಟಿ ನಿರುಪಯುಕ್ತವೂ ಆಗದು. ಭರ್ತೃಹರಿಯಂತೆ ಅದನ್ನು ಉಪಾಯವೆಂದು ಎಣಿಸಿದರೆ ಕೋಶಕ್ಕೂ ವ್ಯಾಕರಣಕ್ಕೂ ತಮ್ಮ ಜಾಗ ಸಿಗುತ್ತದೆ. ಉಪಾಯವನ್ನೇ ಭಾಷೆಯೆಂದು ಬಗೆದಾಗ ಮಾತ್ರ ವಿದ್ಯಾರ್ಥಿಗೆ ವಿಭಕ್ತಿಯ ಕೋಷ್ಟಕ ಬಾಯಿಗೆ ಬಂದು, ಹಸುವನ್ನು ತರಲು ಹೇಳುವ ಮಾತು ಬಾರದೆ ಹೋಗುತ್ತದೆ.