ಯಾರು ಮುಂದೆ ಬಂದು ತುಳಿಯಬೇಕಿತ್ತು?

ಸೈಕಲ್ ಓಟದ ಹುಚ್ಚಿರುವ ಇಬ್ಬರು ಒಂದೆಡೆ ಸೇರಿದರೆ ಮಾತು ಎಲ್ಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಆ ಹೊತ್ತಿನಲ್ಲಿ ಯಾರು ಮುಂದೆ ಬಂದು ತುಳಿಯಬೇಕಿತ್ತು? ಯಾರು ಹೆಚ್ಚು ಬಲಶಾಲಿ ಎಂಬುದರ ಬಗ್ಗೆ ಅವರು ಅಷ್ಟಾಗಿ ಜಗಳವಾಡುವುದಿಲ್ಲ. ಅದನ್ನು ಬೆಟ್ಟವೇ ತೀರ್ಮಾನಿಸಿಬಿಡುತ್ತದೆ. ಜಗಳವೆಲ್ಲ ಹೊಣೆಯ ಬಗ್ಗೆ. ಗಾಳಿಗೆ ಎದೆಕೊಟ್ಟು ದುಡಿಯುವ ಸರದಿ ಯಾರದ್ದಾಗಿತ್ತು, ಆ ದುಡಿಮೆಯ ಫಲ ಯಾರ ಪಾಲಿಗೆ ಹೋಗುತ್ತಿತ್ತು ಎಂಬುದರ ಬಗ್ಗೆ. 2025ರ ಮೇ 31ರಂದು ಇಟಲಿಯ ಆಲ್ಪ್ಸ್ ಪರ್ವತದಲ್ಲಿ ಹುಟ್ಟಿದ ಅಂಥದೊಂದು ಜಗಳ, ಸೈಕಲ್ ಮುಟ್ಟದವರೂ ಒಮ್ಮೆ ಕೂತು ಯೋಚಿಸುವಂಥದ್ದು.

ಜೀರೊ ಡಿ ಇಟಾಲಿಯಾ ಮೂರು ವಾರಗಳ ಓಟ, ಒಟ್ಟು 21 ಹಂತ. ದಿನದಿನದ ಸಮಯವನ್ನೆಲ್ಲ ಕೂಡಿಸಿ ಯಾರದ್ದು ಕಡಿಮೆಯೋ ಅವರ ಮೈಮೇಲೆ ಗುಲಾಬಿ ಅಂಗಿ. ಅಂದು ನಡೆದದ್ದು 20ನೇ ಹಂತ. ಮರುದಿನ ರೋಮ್ ನಗರದ ಹಂತದಲ್ಲಿ ಮುನ್ನಡೆ ಬದಲಾಗುವ ಸಂಭವವೇ ಇರಲಿಲ್ಲವಾದ್ದರಿಂದ, ಗೆಲ್ಲುವವರು ಗೆಲ್ಲಬೇಕಾದದ್ದು ಅಂದೇ. ಗುಲಾಬಿ ಅಂಗಿ ಮೆಕ್ಸಿಕೊದ 21 ವರ್ಷದ ಹುಡುಗ ಐಸಾಕ್ ಡೆಲ್ ಟೊರೊ ಅವರ ಮೈಮೇಲಿತ್ತು. ಅವರಿಗಿಂತ 43 ಸೆಕೆಂಡ್ ಹಿಂದೆ ಈಕ್ವೆಡಾರ್‌ನ ರಿಚರ್ಡ್ ಕರಪಾಜ್. 1 ನಿಮಿಷ 21 ಸೆಕೆಂಡ್ ಹಿಂದೆ ಬ್ರಿಟನ್ನಿನ ಸೈಮನ್ ಯೇಟ್ಸ್. ಎದುರಿಗೆ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಘಾಟಿ: 18 ಕಿಲೊಮೀಟರ್‌ಗೂ ಉದ್ದದ ಏರು, ಪ್ರತಿ ನೂರು ಮೀಟರ್‌ಗೆ ಸರಾಸರಿ ಒಂಬತ್ತು ಮೀಟರ್‌ಗಿಂತ ಹೆಚ್ಚು ಎತ್ತರ, ಕೊನೆಯ ಸುಮಾರು 8 ಕಿಲೊಮೀಟರ್ ಡಾಂಬರನ್ನೇ ಕಾಣದ ಜಲ್ಲಿ ದಾರಿ. ನೆತ್ತಿಯ ಎತ್ತರ 2178 ಮೀಟರ್. ಬೆಂಗಳೂರಿನ ಸವಾರರು ನಸುಕಿನಲ್ಲೆದ್ದು ಹತ್ತಿ ಬೀಗುವ ನಂದಿಬೆಟ್ಟದ ಏರು ಇದರ ಅರ್ಧದಷ್ಟೂ ಉದ್ದವಿಲ್ಲ.

ಏರಿನ ಬುಡದಲ್ಲೇ ಕರಪಾಜ್ ತಂಡದವರು ವೇಗ ಹೆಚ್ಚಿಸಿದರು. ಗುಂಪು ಚೂರುಚೂರಾಯಿತು. ಕರಪಾಜ್ ನುಗ್ಗಿದರು, ಡೆಲ್ ಟೊರೊ ಅವರ ಬೆನ್ನು ಬಿಡಲಿಲ್ಲ. ತುಸು ಹಿಂದೆ ಬಿದ್ದಿದ್ದ ಯೇಟ್ಸ್ ತಮ್ಮದೇ ಲಯದಲ್ಲಿ ತುಳಿಯುತ್ತ ಬಂದು ಇಬ್ಬರನ್ನೂ ಸೇರಿಕೊಂಡರು. ಆಮೇಲೆ ಒಂದೆರಡು ಸಲ ಮುಂದಕ್ಕೆ ಜಿಗಿದು ನೋಡಿದರು. ಕೊನೆಗೊಮ್ಮೆ ಜಿಗಿದಾಗ ಯಾರೂ ಹಿಂಬಾಲಿಸಲಿಲ್ಲ. ಕರಪಾಜ್ ಡೆಲ್ ಟೊರೊ ಅವರ ಮುಖ ನೋಡಿದರು, ಡೆಲ್ ಟೊರೊ ಕರಪಾಜ್ ಅವರ ಮುಖ ನೋಡಿದರು. ಕರಪಾಜ್ ಮತ್ತೆ ನುಗ್ಗಿದಾಗ ಡೆಲ್ ಟೊರೊ ಹೋಗಿ ಅಂಟಿಕೊಂಡರು, ಆದರೆ ಮುಂದೆ ಬಂದು ಎಳೆಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿರುವಾಗ ಯೇಟ್ಸ್ ತಿರುವಿನಿಂದ ತಿರುವಿಗೆ ದೂರವಾಗುತ್ತ ಹೋದರು. ನೆತ್ತಿ ಮುಟ್ಟುವ ವೇಳೆಗೆ ಅಂತರ ಒಂದೂವರೆ ನಿಮಿಷದ ಆಸುಪಾಸಿಗೆ ಬಂದಿತ್ತು. ಅಂದರೆ ಗುಲಾಬಿ ಅಂಗಿ ಲೆಕ್ಕದಲ್ಲಿ ಆಗಲೇ ಕೈಬದಲಾಗಿತ್ತು.

ಇಷ್ಟಾದರೂ ಓಟ ಮುಗಿದಿರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಹೋಗುವವರ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಅವರ ಹಿಂದಿನ ಚಕ್ರಕ್ಕೆ ಹತ್ತಿಕೊಂಡಂತೆ ಬರುವವರಿಗೆ ಕಾಲುಭಾಗಕ್ಕೂ ಮೀರಿ ಶ್ರಮ ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗ ಕುಗ್ಗಿ, ಕಾದಾಟವೆಲ್ಲ ತೂಕ ಮತ್ತು ಗುರುತ್ವದ ನಡುವೆ ನಡೆಯುವುದರಿಂದ ಗಾಳಿಯ ಮರೆಗೆ ಅಲ್ಲಿ ಅಷ್ಟು ಬೆಲೆಯಿಲ್ಲ. ಬೆಟ್ಟ ಪ್ರಾಮಾಣಿಕ ಎಂದು ಅಭಿಮಾನಿಗಳು ಹೇಳುವುದು ಇದಕ್ಕೇ. ಆದರೆ ಫಿನೆಸ್ತ್ರೆಯ ಆಚೆ ಇಳಿದರೆ ಸಿಗುವುದು ಕಣಿವೆ, ಅಲ್ಲಿಂದ ಅಂದಿನ ಗುರಿಯಾದ ಸೆಸ್ತ್ರಿಯೆರೆವರೆಗೆ ಹದವಾದ ಏರು. ಒಬ್ಬಂಟಿಯಾಗಿ ಓಡಿಹೋದವರು ಸುಸ್ತಾಗುವುದು ಅಂಥಲ್ಲೇ. ಹಿಂದಿರುವವರು ಇಬ್ಬರಿದ್ದು ಸರದಿಯಂತೆ ಗಾಳಿಗೆ ಎದೆಕೊಟ್ಟರೆ ಹಿಡಿಯುವುದು ಅಸಾಧ್ಯವೇನಲ್ಲ.

ಅವರು ಹಾಗೆ ಮಾಡಲಿಲ್ಲ ಎಂಬುದು ಒಂದು ಮಾತು. ಯೇಟ್ಸ್ ಒಬ್ಬಂಟಿಯಾಗಿರಲಿಲ್ಲ ಎಂಬುದು ಇನ್ನೊಂದು ಮಾತು. ಅವರ ತಂಡದ ಬೆಲ್ಜಿಯಂ ಸವಾರ ವೌಟ್ ವಾನ್ ಆರ್ಟ್ ಆ ದಿನ ಮೊದಲೇ ಮುಂದೆ ಹೋಗಿದ್ದ ಗುಂಪಿನಲ್ಲಿ ಸೇರಿಕೊಂಡಿದ್ದರು. ವಾನ್ ಆರ್ಟ್ ಅವರದ್ದು ಬೆಟ್ಟಕ್ಕೆ ಹೇಳಿಸಿದ ಮೈಯಲ್ಲ. ಯೇಟ್ಸ್ ಜೊತೆಗೇ ಏರಲು ಹೊರಟಿದ್ದರೆ ಬುಡದಲ್ಲೇ ಉದುರಿಹೋಗುತ್ತಿದ್ದರು. ಮೊದಲೇ ಹೊರಟು ನಿಧಾನವಾಗಿ ಹತ್ತಿದ್ದರಿಂದ ಬೇಕಾದ ಹೊತ್ತಿಗೆ ಬೆಟ್ಟದ ಆಚೆ ಇದ್ದರು. ಕಣಿವೆಯಲ್ಲಿ ಯೇಟ್ಸ್‌ಗಾಗಿ ಕಾದು, ಅವರನ್ನು ಬೆನ್ನಹಿಂದೆ ಹಾಕಿಕೊಂಡು, ತಮ್ಮಲ್ಲಿದ್ದ ಕಸುವನ್ನೆಲ್ಲ ಸುರಿದು ಎಳೆದರು. ಗುರಿ ಮುಟ್ಟುವಾಗ ಡೆಲ್ ಟೊರೊ ಮತ್ತು ಕರಪಾಜ್ ಐದು ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಯೇಟ್ಸ್ ಒಟ್ಟಾರೆ ಓಟವನ್ನು 3 ನಿಮಿಷ 56 ಸೆಕೆಂಡ್ ಅಂತರದಿಂದ ಗೆದ್ದರು. 2018ರಲ್ಲಿ 13 ದಿನ ಗುಲಾಬಿ ಅಂಗಿ ತೊಟ್ಟು, ಇದೇ ಫಿನೆಸ್ತ್ರೆಯ ಹಂತದಲ್ಲಿ 38 ನಿಮಿಷಕ್ಕೂ ಹೆಚ್ಚು ಕಳೆದುಕೊಂಡು ಕುಸಿದುಹೋಗಿದ್ದವರು ಇದೇ ಯೇಟ್ಸ್.

ಇನ್ನು ಅಭಿಮಾನಿಗಳ ಪಂಚಾಯಿತಿ. ಒಂದು ಪಕ್ಷದವರು ಹೇಳುವುದು: ಅಂಗಿ ಯಾರದ್ದೋ ಕಾಯುವ ಹೊಣೆ ಅವರದ್ದು. ಇದು ಈ ಆಟದ ಹಳೆಯ ವಾಡಿಕೆ. ಡೆಲ್ ಟೊರೊ ಬೆನ್ನಟ್ಟಬೇಕಿತ್ತು. ಇನ್ನೊಂದು ಪಕ್ಷದವರ ಮಾತು: ಕರಪಾಜ್ ಆಗಲೇ ಜೀರೊ ಗೆದ್ದವರು, ಅನುಭವಿ. ಯೇಟ್ಸ್‌ಗಿಂತ ಕೇವಲ 38 ಸೆಕೆಂಡ್ ಮುಂದಿದ್ದವರು. ಎರಡನೆಯ ಸ್ಥಾನ ಜಾರುತ್ತಿರುವುದು ಕಾಣುತ್ತಿದ್ದರೂ ಹುಡುಗನ ಮೇಲೆ ಭಾರ ಹಾಕಿ ಕೂತದ್ದು ಯಾವ ಜಾಣತನ? ಮೂರನೆಯವರು ತಂಡದ ಕಾರಿನಲ್ಲಿ ಕೂತು ರೇಡಿಯೊದಲ್ಲಿ ಹೇಳಿಕೊಡುವವರತ್ತ ಬೆರಳು ತೋರಿಸುತ್ತಾರೆ: ಮುಂದಿನ ಗುಂಪಿನಲ್ಲಿ ವಾನ್ ಆರ್ಟ್ ಇರುವುದು ಎಲ್ಲರಿಗೂ ಕಾಣುತ್ತಿತ್ತು. ಅವರು ಅಲ್ಲಿ ಏಕಿದ್ದಾರೆಂದು ಊಹಿಸದಿದ್ದದ್ದು ಯಾರ ತಪ್ಪು?

ಮೂರೂ ವಾದಗಳಲ್ಲಿ ಹುರುಳಿದೆ. ಆದರೆ ಕರಪಾಜ್ ಅವರ ಹಿಂದಿನ ಕಥೆ ಗೊತ್ತಿರುವವರಿಗೆ ಈ ಪ್ರಸಂಗ ಇನ್ನಷ್ಟು ಕುತೂಹಲದ್ದು. ಅವರು ಜೀರೊ ಗೆದ್ದದ್ದು 2019ರಲ್ಲಿ. ಆ ವರ್ಷ ಎಲ್ಲರ ಕಣ್ಣು ಇಟಲಿಯ ವಿನ್ಚೆಂಜೊ ನಿಬಾಲಿ ಮತ್ತು ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಮೇಲಿತ್ತು. ಅವರಿಬ್ಬರ ಕಣ್ಣು ಒಬ್ಬರ ಮೇಲೊಬ್ಬರದ್ದಿತ್ತು. ಕೂರ್ಮಾಯರ್ ಊರಿಗೆ ಹೋಗುವ 14ನೇ ಹಂತದಲ್ಲಿ ಕರಪಾಜ್ ಹೊರಟಾಗ, ಇವರನ್ನು ಹಿಡಿಯುವ ಕೆಲಸ ನಿನ್ನದು ನಿನ್ನದು ಎಂಬಂತೆ ಇಬ್ಬರೂ ಕೂತರು. ಕರಪಾಜ್ ಆ ದಿನ ತೊಟ್ಟ ಗುಲಾಬಿ ಅಂಗಿಯನ್ನು ಕೊನೆಯವರೆಗೂ ಬಿಚ್ಚಲಿಲ್ಲ. ಯಾವ ಮಂಕು 2019ರಲ್ಲಿ ಅವರಿಗೆ ಗೆಲುವು ತಂದಿತ್ತೋ ಅದೇ ಮಂಕು 2025ರಲ್ಲಿ ಅವರಿಗೇ ಕವಿಯಿತು.

ಅದಕ್ಕೂ ಹಿಂದೆ 2018ರಲ್ಲಿ, ಯೇಟ್ಸ್ ಕುಸಿದ ಅದೇ ದಿನ, ಅದೇ ಫಿನೆಸ್ತ್ರೆಯಲ್ಲಿ ಬ್ರಿಟನ್ನಿನ ಕ್ರಿಸ್ ಫ್ರೂಮ್ ಗುರಿಗೆ 80 ಕಿಲೊಮೀಟರ್ ಇರುವಾಗ ಒಬ್ಬರೇ ಹೊರಟರು. ಹಿಂದೆ ಉಳಿದ ಸಣ್ಣ ಗುಂಪಿನಲ್ಲಿ ನೆದರ್ಲೆಂಡ್ಸ್‌ನ ಟಾಮ್ ಡುಮೂಲಿನ್ ಇದ್ದರು, ಫ್ರಾನ್ಸ್‌ನ ತಿಬೊ ಪಿನೊ ಇದ್ದರು, ಕೊಲಂಬಿಯಾದ ಮಿಗೆಲ್ ಆಂಗೆಲ್ ಲೋಪೆಜ್ ಇದ್ದರು, ಕರಪಾಜ್ ಕೂಡ ಇದ್ದರು. ಲೋಪೆಜ್ ಮತ್ತು ಕರಪಾಜ್ ನಡುವೆ ಕಿರಿಯರ ಬಿಳಿ ಅಂಗಿಗಾಗಿ ಪೈಪೋಟಿ. ಒಬ್ಬರು ಎಳೆದರೆ ಇನ್ನೊಬ್ಬರಿಗೆ ಲಾಭವೆಂದು ಇಬ್ಬರೂ ಹಿಂದೆಯೇ ಉಳಿದರು. ಡುಮೂಲಿನ್ ಇಳಿಜಾರಿನಲ್ಲಿ ಪಿನೊ ಅವರ ಸಹಾಯಕನಿಗಾಗಿ ಕಾದು ಸಮಯ ಕಳೆದುಕೊಂಡರು, ಆಮೇಲೆ ದುಡಿದರು, ಆದರೂ ಫ್ರೂಮ್ ಮೂರು ನಿಮಿಷ ಮುಂದೆ ಗುರಿ ಮುಟ್ಟಿದರು. ಕೊನೆಗೆ ಡುಮೂಲಿನ್ ಓಟ ಸೋತದ್ದು ಬರೀ 46 ಸೆಕೆಂಡ್‌ಗಳಿಂದ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆ ಇಲ್ಲಿ ನಾಲಿಗೆಗೆ ತಾನಾಗಿ ಬರುತ್ತದೆ. ಆದರೆ ಆ ಗಾದೆಯಲ್ಲಿ ಜಗಳವಾಡುವವರು ದಡ್ಡರು, ಮೂರನೆಯವನು ಅದೃಷ್ಟವಂತ. ಫಿನೆಸ್ತ್ರೆಯಲ್ಲಿ ಎರಡೂ ನಿಜವಲ್ಲ. ಡೆಲ್ ಟೊರೊ ಅವರ ಲೆಕ್ಕ ನೋಡಿ: ನಾನು ಮುಂದೆ ನಿಂತು ದಣಿದರೆ ಕರಪಾಜ್ ಕೊನೆಯಲ್ಲಿ ನನ್ನನ್ನು ಬಿಟ್ಟು ಹಾರುತ್ತಾರೆ, ಅಂಗಿ ಅವರ ಪಾಲು. ಕರಪಾಜ್ ಅವರ ಲೆಕ್ಕ: ನಾನು ಎಳೆದರೆ ಈ ಹುಡುಗ ನನ್ನ ಮರೆಯಲ್ಲಿ ಹಾಯಾಗಿ ಬಂದು ಅಂಗಿ ಉಳಿಸಿಕೊಳ್ಳುತ್ತಾನೆ, ನನಗೆ ಬಂದದ್ದೇನು? ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿಯಾದ ಲೆಕ್ಕಗಳೇ. ಕೂಡಿಸಿದಾಗ ಮಾತ್ರ ಉತ್ತರ ತಪ್ಪುತ್ತದೆ. ಹೂಳು ತುಂಬಿದ ಕಾಲುವೆಯ ದಡದಲ್ಲಿ ಇಬ್ಬರು ರೈತರು ಸಲಿಕೆ ಹಿಡಿದು ನಿಂತಿರುತ್ತಾರೆ. ನಾನು ಎತ್ತಿದರೆ ಅವನ ಹೊಲಕ್ಕೂ ನೀರು ಹೋಗುತ್ತದಲ್ಲ ಎಂಬ ಒಂದೇ ಸಂಕಟಕ್ಕೆ ಇಬ್ಬರ ಪೈರೂ ಒಣಗುತ್ತದೆ. ಅವರಿಗೆ ಬುದ್ಧಿ ಇಲ್ಲವೆಂದಲ್ಲ. ನ್ಯಾಯದ ಮೇಲಿನ ಹಟ ನೀರಿನ ಮೇಲಿನ ಆಸೆಗಿಂತ ದೊಡ್ಡದಾಗಿರುತ್ತದೆ, ಅಷ್ಟೆ.

ಸೈಕಲ್ ಓಟದ ಮಾತುಕತೆ ಬೇರೆ ಆಟಗಳ ಮಾತುಕತೆಗಿಂತ ಭಿನ್ನವಾಗುವುದು ಈ ಕಾರಣಕ್ಕೆ. ಕ್ರಿಕೆಟ್‌ನಲ್ಲಿ ಎದುರಾಳಿ ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೂ ಎದುರಾಳಿಯೇ. ಇಲ್ಲಿ ಹಾಗಲ್ಲ. ಸಂಜೆ ಸೋಲಿಸಬೇಕಾದವರ ಜೊತೆಗೇ ಮಧ್ಯಾಹ್ನವೆಲ್ಲ ಹೊರೆ ಹಂಚಿಕೊಂಡು ಸಾಗಬೇಕು. ಹಂಚಿಕೊಳ್ಳುವುದು ಎಲ್ಲಿಯವರೆಗೆ, ಬಿಟ್ಟು ಓಡುವುದು ಯಾವಾಗ ಎಂಬುದನ್ನು ಯಾವ ನಿಯಮದ ಪುಸ್ತಕವೂ ಹೇಳಿಕೊಡುವುದಿಲ್ಲ. ನಾವು ಪರದೆಯ ಮುಂದೆ ಕೂತು ಹೆಲಿಕಾಪ್ಟರ್ ತೋರಿಸಿದ್ದನ್ನೆಲ್ಲ ನೋಡುತ್ತ, ಅಂತರವನ್ನು ಸೆಕೆಂಡ್‌ಗಳಲ್ಲಿ ಓದುತ್ತ ತೀರ್ಪು ಕೊಡುತ್ತೇವೆ. ಅವರು ಜಲ್ಲಿಯ ದೂಳು ನುಂಗುತ್ತ, ಎದೆ ಒಡೆಯುವಂತೆ ಬಡಿದುಕೊಳ್ಳುವಾಗ ಅದೇ ತೀರ್ಪನ್ನು ಕೊಡಬೇಕು. ಹಾಗೆಂದು ನಮ್ಮ ವಾದ ವ್ಯರ್ಥವೇನಲ್ಲ. ಅವಸರದಲ್ಲಿ ಯೋಚಿಸಲಾಗದ್ದನ್ನು ಬಿಡುವಿನಲ್ಲಿ ಯೋಚಿಸುವುದೇ ಅಭಿಮಾನಿಯ ಕೆಲಸ.

ಹಾಗೆ ಯೋಚಿಸಿದಾಗ ಮೊದಲು ಹೊಳೆಯುವ ಉತ್ತರ ಇದು: ಹೆಚ್ಚು ಕಳೆದುಕೊಳ್ಳುವವರು ಮೊದಲು ತುಳಿಯಬೇಕು. ಕರಪಾಜ್ ಕಳೆದುಕೊಂಡದ್ದು ಒಂದು ಸ್ಥಾನ, ಡೆಲ್ ಟೊರೊ ಕಳೆದುಕೊಂಡದ್ದು ಇಡೀ ಜೀರೊ. ಬೆಲೆ ಅನ್ಯಾಯದ್ದಾದರೂ ಡೆಲ್ ಟೊರೊ ತೆರಬೇಕಿತ್ತು. ಆದರೆ 2018ರ ಡುಮೂಲಿನ್ ಬೆಲೆ ತೆತ್ತೂ ಸೋತರಲ್ಲ? ಬೇರೆಯವರು ಮರೆಯಲ್ಲಿ ಕೂತಿರುವಾಗ ಒಬ್ಬರೇ ದುಡಿಯುವುದು ತ್ಯಾಗವಾಗಬಹುದು, ತಂತ್ರವಾಗುವುದು ಕಷ್ಟ. ದುಡಿದವರೂ ಸೋಲುತ್ತಾರೆ, ದುಡಿಯದವರೂ ಸೋಲುತ್ತಾರೆ ಎಂದಮೇಲೆ ಪ್ರಶ್ನೆ ಕೇಳಿದ ಜಾಗವೇ ತಪ್ಪಾಗಿರಬೇಕು.

ಯೇಟ್ಸ್ ತಂಡ ಮಾಡಿದ್ದು ಅದನ್ನೇ ತಿದ್ದುವ ಕೆಲಸ. ಯಾರು ಎಳೆಯಬೇಕು ಎಂಬ ಪ್ರಶ್ನೆಗೆ ಅವರು ಫಿನೆಸ್ತ್ರೆಯ ಜಲ್ಲಿಯ ಮೇಲೆ ಉತ್ತರ ಹುಡುಕಲಿಲ್ಲ. ಬೆಟ್ಟ ಇನ್ನೂ ದೂರವಿರುವಾಗಲೇ ವಾನ್ ಆರ್ಟ್ ಅವರನ್ನು ಮುಂದೆ ಕಳಿಸಿ ಉತ್ತರಿಸಿದ್ದರು. ಅದೇ ಜೀರೊದಲ್ಲಿ ಸಿಯೆನಾ ಹಂತವನ್ನು ಡೆಲ್ ಟೊರೊ ಅವರನ್ನೇ ಹಿಂದೆ ಹಾಕಿ ಗೆದ್ದವರು ವಾನ್ ಆರ್ಟ್. ದೊಡ್ಡ ಹೆಸರಿನ ಸವಾರ. ಅಂಥವರು ಕಣಿವೆಯಲ್ಲಿ ನಾನೇಕೆ ಎಂದು ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಅವರ ಪಾಲು ಯಾವುದು, ಯೇಟ್ಸ್ ಪಾಲು ಯಾವುದು ಎಂಬುದು ಮೊದಲೇ ಇತ್ಯರ್ಥವಾಗಿತ್ತು. ಆ ದಿನದ ಅದೃಷ್ಟ ಎಂದು ಕಾಣುವುದರ ಬಹುಪಾಲು ಈ ಇತ್ಯರ್ಥವೇ.

ಮನೆಯಲ್ಲಿ ವಯಸ್ಸಾದವರ ಆರೈಕೆ ಇರಲಿ, ಕಚೇರಿಯಲ್ಲಿ ಯಾರಿಗೂ ಬೇಡದ ಕೆಲಸವಿರಲಿ, ಊರಿನ ಕೆರೆ ಇರಲಿ, ಹೊರೆಯ ಪಾಲು ಮಾಡಲು ನಾವು ಕೂರುವುದು ಬಹುತೇಕ ಉಸಿರು ಕಟ್ಟಿದ ಮೇಲೆ. ಆಗ ಎಲ್ಲರ ಲೆಕ್ಕವೂ ಸರಿಯಾಗಿರುತ್ತದೆ, ಯಾರ ಕಾಲೂ ಮುಂದೆ ಹೋಗುವುದಿಲ್ಲ. ಆ ಮಾತನ್ನು ಬೆಟ್ಟದ ಬುಡ ತಲುಪುವ ಮೊದಲೇ ಆಡಿ ಮುಗಿಸಿದವರಿಗೆ ಏರಿನಲ್ಲಿ ಉಳಿಯುವುದು ತುಳಿಯುವ ಕೆಲಸ ಮಾತ್ರ.