ದೇವರ ಹೆಸರಿಗೆ ಕೀಲಿಯ ಕೆಲಸ ಬೇಡ

ಹೊಸಪೇಟೆಯ ನನ್ನ ಆನ್‌ಲೈನ್ ಸೇವಾ ಅಂಗಡಿಗೆ ಕಂಪ್ಲಿಯ ಭತ್ತದ ರೈತರು ಬರುತ್ತಾರೆ, ಪಿಎಫ್ ನೋಡಿಕೊಳ್ಳಲು ಸಂಡೂರಿನ ಗಣಿ ಕಾರ್ಮಿಕರು ಬರುತ್ತಾರೆ. ಪಾಸ್‌ವರ್ಡ್ ಏನಿಡೋಣ ಎಂದು ಕೇಳಿದರೆ ಬಹುತೇಕರದು ಒಂದೇ ಮಾತು: "ದೇವರ ಹೆಸರೇ ಇಡ್ರಿ ಅಕ್ಕಾ, ಆತನೇ ಕಾಯ್ತಾನ." ಹಂಪಿ ಕಡೆಯವರಿಗೆ ವಿರೂಪಾಕ್ಷ, ಸಂಡೂರಿನವರಿಗೆ ಕುಮಾರಸ್ವಾಮಿ. ದೊಡ್ಡಕ್ಷರ, ಅಂಕಿ, ಚಿಹ್ನೆ ಬೇಕೆಂದು ಪರದೆ ಹಟ ಹಿಡಿದರೆ ಮೊದಲಕ್ಷರ ಕ್ಯಾಪಿಟಲ್ ಆಗುತ್ತದೆ, ಕೊನೆಗೆ @123 ಸೇರುತ್ತದೆ.

ಆ ಭಕ್ತಿ ದೊಡ್ಡದು. ಆದರೆ ದೇವರು ಎಷ್ಟು ಜನರಿಗೆ ಪ್ರಿಯನೋ ಕಳ್ಳ ಊಹಿಸಿ ನೋಡುವ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಅವನ ಹೆಸರು ಅಷ್ಟು ಮೇಲಿರುತ್ತದೆ. @123 ಕೂಡ ಅದೇ ಪಟ್ಟಿಯಲ್ಲಿದೆ.

ಮಂತ್ರದ ಮಾತು ಬೇರೆ. ಗುರು ಗುಟ್ಟಾಗಿ ಉಪದೇಶಿಸಿದ ಅಷ್ಟಾಕ್ಷರಿ ಮಂತ್ರವನ್ನು ರಾಮಾನುಜರು ಗೋಪುರ ಹತ್ತಿ ಎಲ್ಲರಿಗೂ ಸಾರಿದರು ಎಂಬ ಕಥೆಯಿದೆ. ಎಂಟೇ ಅಕ್ಷರ, ಲೋಕಕ್ಕೆಲ್ಲ ತಿಳಿದರೂ ಅದರ ಬಲ ಕುಂದಲಿಲ್ಲ. ಹಂಪಿಯ ಚಕ್ರತೀರ್ಥದ ಬಳಿ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ನಂಬುವ ಯಂತ್ರೋದ್ಧಾರಕ ಪ್ರಾಣದೇವರನ್ನು ನೋಡಿ. ಯಂತ್ರದ ನಡುವೆ ಪದ್ಮಾಸನದಲ್ಲಿ ಕುಳಿತ ಹನುಮ, ಸುತ್ತಲೂ ಒಂದರ ಬಾಲ ಇನ್ನೊಂದು ಹಿಡಿದ 12 ಕಪಿಗಳು, ಬೀಜಾಕ್ಷರಗಳು. ಎಲ್ಲವೂ ಕಲ್ಲಿನಲ್ಲಿ, ಬಂದವರೆಲ್ಲರ ಕಣ್ಣೆದುರಿಗೇ ಇವೆ. ಮಂತ್ರದ ಬಲ ಜಪಿಸುವವರ ನಿಷ್ಠೆಯಲ್ಲಿದೆ. ಪಾಸ್‌ವರ್ಡಿಗೆ ಅಂಥ ಬಲವಿಲ್ಲ, ಇನ್ನೊಬ್ಬರ ಊಹೆಗೆ ಸಿಗದಿರುವುದೇ ಅದರ ಏಕೈಕ ಗುಣ.

ಹಾಗಾದರೆ ಬಗೆಬಗೆಯ ಅಕ್ಷರ ಬೆರೆಸಿ ಫಲವಿಲ್ಲವೇ? ಇದೆ. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ 8 ಅಕ್ಷರದ ಪಾಸ್‌ವರ್ಡ್ ಕಟ್ಟಿದರೆ ಸುಮಾರು 20,882 ಕೋಟಿ ಸಾಧ್ಯತೆಗಳು. ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿ 95 ಗುರುತುಗಳಾದರೆ ಅದು 66 ಕೋಟಿ ಕೋಟಿಗೆ ಏರುತ್ತದೆ. ಆದರೆ ಬರೀ ಸಣ್ಣಕ್ಷರಗಳಲ್ಲೇ 12ರವರೆಗೆ ಹೋಗಿ, 954 ಕೋಟಿ ಕೋಟಿ! ಈ ಲೆಕ್ಕ ನಿಲ್ಲುವುದು ಅಕ್ಷರಗಳನ್ನು ಮನಸ್ಸಿನ ಒಲವಿಲ್ಲದೆ, ಚೀಟಿ ಎತ್ತಿದಂತೆ ಆರಿಸಿದಾಗ ಮಾತ್ರ. ಒಲವಿನಿಂದ ಆರಿಸಿದ್ದಕ್ಕೆ ಚಿಹ್ನೆ ಅಂಟಿಸುವುದು ಬರೀ ವೇಷ. ಅಕ್ಷರ ಬೆರೆಸುವ ನಿಯಮವನ್ನು 2003ರಲ್ಲಿ ಬರೆದ ಅಮೆರಿಕದ ಬಿಲ್ ಬರ್ 2017ರಲ್ಲಿ ಅದಕ್ಕಾಗಿ ವಿಷಾದಿಸಿದರು. ಅದೇ ವರ್ಷ ಅಲ್ಲಿನ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿಯೂ ಆ ಕಡ್ಡಾಯ ಬೇಡವೆಂದಿತು.

ದೇವರು ಕಾಯುತ್ತಾನೆಂದು ನಾನೂ ನಂಬಿದವಳು. ಹಾಗೆಂದು ಬಾಗಿಲು ತೆರೆದಿಟ್ಟು ಮಲಗುವುದು ಭಕ್ತಿಯಲ್ಲ, ನಮ್ಮ ಪಾಲಿನ ಕೆಲಸವನ್ನೂ ಅವನ ಮೇಲೆ ಹೊರಿಸುವುದು. ದಯವಿಟ್ಟು ನಿಘಂಟನ್ನು ಕಣ್ಣುಮುಚ್ಚಿ ಐದಾರು ಕಡೆ ತೆರೆಯಿರಿ, ಬೆರಳಿಟ್ಟಲ್ಲಿ ಸಿಕ್ಕ ಸಂಬಂಧವಿಲ್ಲದ ಪದಗಳನ್ನು ಜೋಡಿಸಿ ಪಾಸ್‌ವರ್ಡ್ ಮಾಡಿಕೊಳ್ಳಿ. ವಿರೂಪಾಕ್ಷನ ಹೆಸರನ್ನು ಬಾಯ್ತುಂಬ ಕರೆಯಿರಿ.