ಶ್ರಮವೂ ವ್ಯಾಯಾಮವೂ ಒಂದೆಯೇ?

ದುಡಿದು ಬದುಕುವವನಿಗೆ ಬೇರೆ ವ್ಯಾಯಾಮವೇಕೆ, ಅವನ ದುಡಿಮೆಯೇ ಅವನಿಗೆ ಆರೋಗ್ಯವಲ್ಲವೆ ಎಂಬ ಮಾತು ನಮ್ಮ ಗೃಹಸ್ಥರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಶ್ರಮವನ್ನು ಗೌರವಿಸುವ ಮಾತು. ಆದರೆ ಇದನ್ನು ಆಡುವವನು ಬಹುಮಟ್ಟಿಗೆ ಗಾದಿಯ ಮೇಲೆ ಕುಳಿತವನೇ ಆಗಿರುತ್ತಾನೆ. ಮೂಟೆ ಹೊರುವವನು ಆಡಿದ್ದನ್ನು ನಾನು ಕೇಳಿಲ್ಲ. ಆದಕಾರಣ ಇದು ಸತ್ಯವೋ, ಅಥವಾ ಹೇಳುವವನ ಮನಸ್ಸಿಗೆ ಹಿತವಾದ ಸಮಾಧಾನವೋ ಎಂಬುದು ವಿಚಾರಾರ್ಹವಾಗಿದೆ.

ನನಗೆ ಇದು ಕೇವಲ ಪರರ ವಿಷಯವಲ್ಲ. ಮೂರು ವರ್ಷಗಳ ಹಿಂದೆ ವೈದ್ಯರು ನನ್ನ ರಕ್ತದೊತ್ತಡವನ್ನು ನೋಡಿ, ಪ್ರತಿದಿನವೂ ಅರ್ಧ ಗಂಟೆಯಾದರೂ ನಡೆಯತಕ್ಕದ್ದೆಂದು ವಿಧಿಸಿದರು. ಅಂದಿನಿಂದ ಬೆಳಿಗ್ಗೆ ಮಾರುಕಟ್ಟೆಯ ಅಂಗಳದವರೆಗೆ ನಡೆದು ಬರುತ್ತೇನೆ. ಅಲ್ಲಿ ಪರಿಚಯದ ವರ್ತಕರೊಬ್ಬರು, ಲಾರಿಗೆ ಚೀಲಗಳನ್ನು ಏರಿಸುತ್ತಿದ್ದ ಹಮಾಲರನ್ನು ತೋರಿಸಿ, “ನೋಡ್ರಿ ಮಾಸ್ತರ್ರ, ನೀವು ಡಾಕ್ಟರಿಗೆ ರೊಕ್ಕ ಕೊಟ್ಟು ನಡೀತೀರಿ, ಇವರಿಗೆ ನಾವೇ ರೊಕ್ಕ ಕೊಟ್ಟು ವ್ಯಾಯಾಮ ಮಾಡಸ್ತೀವಿ” ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನನ್ನ ನಗೆಯೇ ನನ್ನನ್ನು ಕಾಡತೊಡಗಿತು.

ವರ್ತಕರ ಪಕ್ಷಕ್ಕೂ ಬಲವಾದ ಸಾಕ್ಷ್ಯವುಂಟು. ಪೂರ್ವಪಕ್ಷವನ್ನು ಮೊದಲು ಹೇಳುವುದೇ ನ್ಯಾಯ. ಜೆರ್ರಿ ಮಾರಿಸ್ (1910–2009) ಎಂಬ ಆಂಗ್ಲ ವೈದ್ಯರು ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ, 1953ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. 35ರಿಂದ 64 ವರ್ಷ ವಯಸ್ಸಿನ ಸುಮಾರು 31,000 ಪುರುಷರ ಲೆಕ್ಕ ಅದರಲ್ಲಿತ್ತು. ಬಸ್ಸೊಂದೇ, ಹಾದಿಯೊಂದೇ, ಆದರೆ ಚಾಲಕನು ತನ್ನ ಪಾಳಿಯ ಬಹುಭಾಗವನ್ನು ಕುಳಿತೇ ಕಳೆಯುವನು, ನಿರ್ವಾಹಕನು ಟಿಕೆಟ್ಟು ಕೊಡುವುದಕ್ಕಾಗಿ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಏರುವನು. ಹೃದಯದ ರಕ್ತನಾಳಗಳ ವ್ಯಾಧಿಯು ನಿರ್ವಾಹಕರಲ್ಲಿ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಒಮ್ಮೆಗೇ ಪ್ರಾಣ ತೆಗೆಯುವುದೂ ಅಪರೂಪವಾಗಿತ್ತು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಅಂಚೆಯವರಿಗೂ ಕುಳಿತು ಕೆಲಸ ಮಾಡುವ ಅಂಚೆ ಗುಮಾಸ್ತರಿಗೂ ಇಂಥದೇ ಅಂತರವು ಕಂಡಿತು.

ಹುಟ್ಟಿನಿಂದಲೇ ಸ್ಥೂಲರಾದವರು ಚಾಲಕರ ಕೆಲಸವನ್ನು ಆರಿಸಿಕೊಂಡಿರಬಹುದಲ್ಲವೆ ಎಂಬ ಆಕ್ಷೇಪವುಂಟಷ್ಟೆ. ಇದನ್ನು ಪರೀಕ್ಷಿಸಲು ಮಾರಿಸರೂ ಅವರ ಸಂಗಡಿಗರೂ ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ದಾಖಲೆಗಳನ್ನು ತೆರೆದು, ಷರಾಯಿಯ ನಡುವಿನ ಅಳತೆಯನ್ನು ತುಲನೆ ಮಾಡಿ, 1956ರಲ್ಲಿ ಪ್ರಕಟಿಸಿದರು. ಚಾಲಕರ ನಡುವು ನಿಜವಾಗಿಯೂ ದಪ್ಪವಾಗಿತ್ತು. ಆದರೂ ಸಮಾನ ಗಾತ್ರದವರನ್ನೇ ಹೋಲಿಸಿ ನೋಡಿದಾಗಲೂ ನಿರ್ವಾಹಕನೇ ಸುರಕ್ಷಿತನಾಗಿದ್ದನು. ದರ್ಜಿಯ ಲೆಕ್ಕದ ಪುಸ್ತಕದಲ್ಲಿ ಹೃದಯದ ವಾರ್ತೆಯನ್ನು ಹುಡುಕಿದ ಈ ಜಾಣ್ಮೆಯನ್ನು ನಾನು ಬಹುವಾಗಿ ಮೆಚ್ಚಿದ್ದೇನೆ.

ಇಲ್ಲಿಗೇ ನಿಂತರೆ ವರ್ತಕರ ಮಾತು ಗೆದ್ದಂತಾಯಿತು. ಆದರೆ ಬಸ್ಸಿನ ಮೆಟ್ಟಿಲು ಬೇರೆ, ಬೆನ್ನ ಮೇಲಿನ ಚೀಲ ಬೇರೆ. 2018ರಲ್ಲಿ ಯೂರೋಪಿನ ಸಂಶೋಧಕರು 17 ಅಧ್ಯಯನಗಳನ್ನು, ಒಂದು ಲಕ್ಷ ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಅತಿ ಶ್ರಮದ ಉದ್ಯೋಗದಲ್ಲಿದ್ದ ಪುರುಷರಿಗೆ, ಅಲ್ಪ ಶ್ರಮದವರಿಗಿಂತ, ಅಕಾಲ ಮರಣದ ಸಂಭವವು ಶೇಕಡಾ 18ರಷ್ಟು ಅಧಿಕವಾಗಿತ್ತು. ಬಿಡುವಿನ ವೇಳೆಯ ವ್ಯಾಯಾಮವು ಆಯುಷ್ಯವನ್ನು ಹೆಚ್ಚಿಸುತ್ತಿರಲು, ಹೊಟ್ಟೆಪಾಡಿನ ಶ್ರಮವು ಅದನ್ನು ಕುಗ್ಗಿಸುವುದೆಂದರೆ ಇದೇನು ವೈಪರೀತ್ಯ! ಅವರು ಹೇಳುವ ಕಾರಣವಿದು: ವ್ಯಾಯಾಮವು ಅಲ್ಪಕಾಲದ್ದು, ಆಮೇಲೆ ವಿಶ್ರಾಂತಿಯುಂಟು; ಕೂಲಿಯ ಶ್ರಮದಲ್ಲಾದರೋ ಭಾರವೂ ಹೊತ್ತೂ ದೀರ್ಘ, ಹೃದಯದ ಬಡಿತವೂ ರಕ್ತದ ಒತ್ತಡವೂ ತಾಸುಗಟ್ಟಲೆ ಏರಿಯೇ ಇರುತ್ತವೆ, ನಿಲ್ಲುವ ಸ್ವಾತಂತ್ರ್ಯವಿಲ್ಲ.

ಇದನ್ನು ಎಲ್ಲರೂ ಒಪ್ಪಿಲ್ಲವೆಂಬುದನ್ನು ಮರೆಮಾಡಬಾರದು. ಬಡತನ, ಧೂಮಪಾನ, ವಿದ್ಯಾಭಾವ ಇವುಗಳ ಪರಿಣಾಮವನ್ನೇ ಶ್ರಮದ ತಲೆಗೆ ಕಟ್ಟಲಾಗಿದೆಯೆಂದು ಕೆಲವರ ವಾದ. 2021ರಲ್ಲಿ ನಾರ್ವೆ ದೇಶದಿಂದ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಕಾರಣಗಳನ್ನು ಲೆಕ್ಕದಿಂದ ತೆಗೆದ ಮೇಲೆ, ಶ್ರಮದ ಉದ್ಯೋಗದ ಪುರುಷರು ಕುಳಿತವರಿಗಿಂತ ತುಸು ಹೆಚ್ಚೇ ಬಾಳಿದ್ದರು. ಹಾಗಿದ್ದರೆ ಹಮಾಲನ ಆಯುಷ್ಯವನ್ನು ಕಳೆಯುವುದು ಚೀಲವಲ್ಲ, ಅವನ ಬಡತನವೆಂದಾಗುತ್ತದೆ. ಗಾದಿಯ ಮೇಲೆ ಕುಳಿತವರಿಗೆ ಇದರಿಂದ ಸಮಾಧಾನವೇನೂ ದೊರೆಯದು.

ನಮ್ಮ ಪ್ರಾಚೀನ ಆಯುರ್ವೇದಜ್ಞರು ಈ ಭೇದವನ್ನು ಲಕ್ಷಣದಲ್ಲಿಯೇ ಇಟ್ಟಿದ್ದಾರೆ. ಚರಕನು ವ್ಯಾಯಾಮವನ್ನು ಶರೀರದ ಚೇಷ್ಟೆಯೆಂದಷ್ಟೇ ಹೇಳಿ ಬಿಡದೆ, ಅದು ತನಗೆ ಇಷ್ಟವಾದ ಚೇಷ್ಟೆಯಾಗಿರಬೇಕು, ಮಾತ್ರೆಯರಿತು ಆಚರಿಸಬೇಕು ಎನ್ನುತ್ತಾನೆ. ಸುಶ್ರುತನ ಮತದಲ್ಲಿ ಬಲದ ಅರ್ಧದಷ್ಟೇ ವ್ಯಾಯಾಮವು ವಿಹಿತ, ಮೀರಿದರೆ ಅದು ಕೊಲ್ಲುತ್ತದೆ. ಎದೆಯ ಉಸಿರು ಬಾಯಿಗೆ ಬಂದಾಗ ಅರ್ಧಬಲವು ತೀರಿತೆಂದು ತಿಳಿಯಬೇಕು. ಇಷ್ಟವೂ ಮಾತ್ರೆಯೂ ಮಾಡುವವನ ಕೈಯಲ್ಲಿಲ್ಲದ ಮೇಲೆ ಅದಕ್ಕೆ ವ್ಯಾಯಾಮವೆಂಬ ಹೆಸರು ಹೇಗೆ ಸಂದೀತು? ಕಾಯಕವೆಂಬ ಮಾತನ್ನು ಇಲ್ಲಿ ಅಡ್ಡ ತರುವವರೂ ಉಂಟು. ಕಾಯಕವು ಮಾಡುವವನು ತಾನಾಗಿ ಒಪ್ಪಿ ಹಿಡಿದ ನೇಮ. ಪರರ ಬೆನ್ನಿಗೆ ನಾವು ಹೊರಿಸಿದ ಭಾರಕ್ಕೆ ಆ ಹೆಸರಿಡುವ ಅಧಿಕಾರ ನಮಗೆಲ್ಲಿಯದು?

ಮರುವಾರ ಆ ಅಂಗಳದಲ್ಲಿ ಹಮಾಲನೊಬ್ಬನನ್ನು ಮಾತನಾಡಿಸಿದೆ. ನನಗಿಂತ ಹತ್ತು ವರ್ಷ ಕಿರಿಯನು; ನೋಟಕ್ಕೆ ಹಿರಿಯನಂತಿದ್ದನು. “ತಮ್ಮಾ, ತೇಕು ಹತ್ತಿದಾಗ ಸ್ವಲ್ಪ ನಿಲ್ಲುತ್ತೀಯೇನು?” ಎಂದು ಕೇಳಿದೆ. “ಲಾರಿ ತುಂಬಿದ ಮ್ಯಾಲ ನಿಲ್ತೀವ್ರಿ ಗುರುಗಳ” ಎಂದನು. ಇದನ್ನು ವರ್ತಕರಿಗೆ ತಿಳಿಸಿದಾಗ, “ಕೂಲಿ ಚೀಲದ ಲೆಕ್ಕದಾಗ ಐತ್ರಿ, ನಿಂತರ ಅವರಿಗೇ ಲುಕ್ಸಾನು, ನಾ ಏನು ನಿಲ್ಲಬ್ಯಾಡ ಅಂದೇನಿ?” ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಚೀಲದ ದರವನ್ನು ಗೊತ್ತುಮಾಡುವವರು ಯಾರು? ನಡುವೆ ಕಾಲು ಗಂಟೆ ಕುಳಿತರೂ ಆ ದಿನದ ಗಳಿಕೆ ಕುಂದದಂತೆ ದರವನ್ನೇ ಏರಿಸಬಾರದೇ ಎಂದೆ. ಅವರು ಖಾತೆಯ ಪುಸ್ತಕದತ್ತ ತಿರುಗಿದರು. ನಾನು ಈಗಲೂ ಅದೇ ಹಾದಿಯಲ್ಲಿ ನಡೆಯುತ್ತೇನೆ. ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಅವರಿಗೆ ಶರಣಾರ್ಥಿ ಹೇಳುತ್ತೇನೆ, ಉತ್ತರವನ್ನು ಇನ್ನೂ ಕಾಯುತ್ತಿದ್ದೇನೆ.